ದಾರಿಬದಿಯ ದೈತ್ಯರನ್ನು ನೋಡುವ ಬಗೆ

ಅಮೆರಿಕದ ರೂಟ್ 66 ಹೆದ್ದಾರಿಯ ಬದಿಯಲ್ಲಿ ನೀಲಿ ಬಣ್ಣದ ಸಿಮೆಂಟಿನ ತಿಮಿಂಗಿಲವಿದೆ, ರಾಕೆಟ್ ಹಿಡಿದ ಫೈಬರ್‌ಗ್ಲಾಸ್ ದೈತ್ಯನಿದ್ದಾನೆ, ನೆಲದಲ್ಲಿ ಮೂತಿ ಹೂತುಕೊಂಡ ಹತ್ತು ಕ್ಯಾಡಿಲಾಕ್ ಕಾರುಗಳಿವೆ. ಮೊದಲ ಸಲ ನೋಡಿದವರು ನಗುತ್ತಾರೆ, ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನಗುವುದರಲ್ಲಿ ತಪ್ಪಿಲ್ಲ, ಇವನ್ನು ಕಟ್ಟಿದವರಿಗೂ ಅದೇ ಬೇಕಿತ್ತು. ಆದರೆ ನಕ್ಕ ಮೇಲೆ ಇನ್ನೂ ಹತ್ತು ನಿಮಿಷ ನಿಂತವರಿಗೆ ಒಂದು ಜನಪದ ಕಲೆಯೇ ಕಾಣಿಸುತ್ತದೆ. ಹಾಗೆ ನಿಲ್ಲಬೇಕೆನ್ನುವವರಿಗೆ ಈ ನಾಲ್ಕು ಮಾತು.

ಮೊದಲು ದಾರಿ ತಿಳಿಯಿರಿ

ರೂಟ್ 66 ಹುಟ್ಟಿದ್ದು 1926ರಲ್ಲಿ. ಷಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದವರೆಗೆ ಎಂಟು ರಾಜ್ಯಗಳಲ್ಲಿ ಸುಮಾರು 3,900 ಕಿ.ಮೀ. ಹರಿಯುತ್ತಿದ್ದ ಈ ರಸ್ತೆ ಊರುಗಳನ್ನು ಬಳಸಿಕೊಂಡು ಹೋಗದೆ ಅವುಗಳ ಪೇಟೆಬೀದಿಯ ನಡುವೆಯೇ ಹಾದುಹೋಗುತ್ತಿತ್ತು. ಹಾಗಾಗಿ ಊರಿನವರ ಸಂಪಾದನೆಯೆಲ್ಲ ಅಪರಿಚಿತರ ಕಾರನ್ನು ನಿಲ್ಲಿಸುವುದರಲ್ಲಿತ್ತು. ಪೆಟ್ರೋಲು, ಊಟ, ಹಾಸಿಗೆ ಎಲ್ಲ ಕಡೆಯೂ ಸಿಗುತ್ತವೆ. ಪಕ್ಕದೂರಿನಲ್ಲಿ ಇಲ್ಲದ್ದು ಏನಾದರೂ ನಮ್ಮಲ್ಲಿರಬೇಕು ಎಂಬ ಹಟದಿಂದ ಹುಟ್ಟಿದ ಕಲೆ ಇದು. 1956ರ ಕಾನೂನಿನಿಂದ ಬಂದ ಇಂಟರ್‌ಸ್ಟೇಟ್ ಹೆದ್ದಾರಿಗಳು ಒಂದೊಂದೇ ಊರನ್ನು ಬದಿಗೆ ಸರಿಸಿದವು. 1985ರಲ್ಲಿ 66 ಎಂಬ ಸಂಖ್ಯೆಯೇ ಹೆದ್ದಾರಿಗಳ ಪಟ್ಟಿಯಿಂದ ಹೋಯಿತು.

ಕಾರಿನ ವೇಗದಲ್ಲಿ ನೋಡಿ

ಇವು ಓಡುವ ಕಾರಿನ ಕಿಟಕಿಗಾಗಿ ಮಾಡಿದವು. ಚಾಲಕನ ಕಣ್ಣಿಗೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಆಕಾರ ಗುರುತಾಗಬೇಕು, ಕುತೂಹಲ ಹುಟ್ಟಬೇಕು, ಕಾಲು ಬ್ರೇಕಿನ ಮೇಲೆ ಹೋಗಬೇಕು. ಗಾತ್ರ ದೊಡ್ಡದು, ರೇಖೆ ಸರಳ, ಬಣ್ಣ ಗಾಢ; ಎಲ್ಲಕ್ಕೂ ಕಾರಣ ಇದೇ. ಅರಿಜೋನಾದ ಜಾಕ್ ರ‍್ಯಾಬಿಟ್ ಅಂಗಡಿಯವರು ಕಪ್ಪು ಮೊಲದ ಫಲಕಗಳನ್ನು ನೂರಾರು ಮೈಲಿ ದೂರದಿಂದಲೇ ನೆಡುತ್ತ ಬಂದರು. ಕೊನೆಗೆ ಅಂಗಡಿಯ ಎದುರಿನ ಹಳದಿ ಫಲಕದಲ್ಲಿ ‘ಇಗೋ, ಇಲ್ಲಿದೆ’ ಎಂದಷ್ಟೇ ಬರೆಸಿದರು. ಆ ಪುಟ್ಟ ಮಾತಿನ ಸೊಗಸು ಅಷ್ಟು ದೂರ ಕಾದು ಬಂದವರಿಗೇ ಗೊತ್ತು. ಆದ್ದರಿಂದ ಯಾವುದನ್ನೇ ನೋಡಿದರೂ ಒಮ್ಮೆ ಹಿಂದಕ್ಕೆ ಹೋಗಿ, ದೂರದಿಂದ ಮತ್ತೆ ಬನ್ನಿ. ನ್ಯೂ ಮೆಕ್ಸಿಕೋದ ಟುಕುಮ್‌ಕಾರಿಯಲ್ಲಿರುವ ಬ್ಲೂ ಸ್ವಾಲೋ ಮೋಟೆಲಿನಂಥ ನಿಯಾನ್ ಫಲಕಗಳನ್ನು ಹಗಲಿನಲ್ಲಿ ನೋಡಿ ತೀರ್ಪು ಕೊಡಬೇಡಿ. ಅವು ಹೊತ್ತು ಮುಳುಗಿದ ಮೇಲಿನವು.

ಹತ್ತಿರ ಹೋಗಿ ಕೈ ನೋಡಿ

ಈಗ ಇಳಿದು ಹತ್ತಿರ ಹೋಗಿ. ಇಲ್ಲಿ ಎರಡು ಕುಲಗಳಿವೆ. ಮೊದಲನೆಯದು ಒಬ್ಬರ ಕೈಕೆಲಸ. ಒಕ್ಲಹೋಮಾದ ಕಟೂಸಾದಲ್ಲಿರುವ ನೀಲಿ ತಿಮಿಂಗಿಲವನ್ನು ಹ್ಯೂ ಡೇವಿಸ್ 1970ರ ದಶಕದ ಆರಂಭದಲ್ಲಿ ಕಟ್ಟಿದರು. ಹೆಂಡತಿ ಜೆಲ್ಟಾ ತಿಮಿಂಗಿಲದ ಪುಟ್ಟ ಬೊಂಬೆಗಳನ್ನು ಕೂಡಿಡುತ್ತಿದ್ದರು. ಮದುವೆಯ ವಾರ್ಷಿಕೋತ್ಸವಕ್ಕೆ ಇದು ಅವರಿಗೆ ಕೊಟ್ಟ ಉಡುಗೊರೆ. ಮನೆಯವರ ಕೊಳಕ್ಕೆಂದು ಕಟ್ಟಿದ್ದು ಊರವರ ಈಜುತಾಣವಾಯಿತು.

ಎರಡನೆಯದು ಅಚ್ಚಿನ ಕುಲ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಇಂಟರ್‌ನ್ಯಾಷನಲ್ ಫೈಬರ್‌ಗ್ಲಾಸ್ ಕಂಪನಿ ಇಂಥ ದೈತ್ಯರನ್ನು ದೇಶದುದ್ದಕ್ಕೂ ಮಾರಿತು. ಇವರ ಅಂಗೈ ಗಮನಿಸಿ: ಒಂದು ಮೇಲ್ಮುಖ, ಒಂದು ಕೆಳಮುಖ. ಮೂಲ ಅಚ್ಚು ಜನಪದ ಕತೆಗಳಲ್ಲಿ ಮರ ಕಡಿಯುವ ಪಾಲ್ ಬನಿಯನ್‌ನದು, ಆ ಕೈಗಳು ಕೊಡಲಿ ಹಿಡಿಯಲೆಂದು ಆದವು. ಆಮೇಲೆ ಇಲಿನಾಯಿಯ ವಿಲ್ಮಿಂಗ್ಟನ್ನಿನಲ್ಲಿ ಅದೇ ಕೈಗೆ ರಾಕೆಟ್ ಬಂತು, ತಲೆಗೆ ಗಗನಯಾತ್ರಿಯ ಶಿರಸ್ತ್ರಾಣ ಬಂತು, ಜೆಮಿನಿ ಜೈಂಟ್ ಎಂಬ ಹೆಸರಾಯಿತು. ಅದೇ ರಾಜ್ಯದ ಅಟ್ಲಾಂಟಾ ಎಂಬ ಪುಟ್ಟ ಊರಿನಲ್ಲಿ ಅದೇ ಕೈ ಹಾಟ್‌ಡಾಗ್ ಹಿಡಿದಿದೆ. ಮೈ ಒಂದೇ, ವೇಷ ಬೇರೆ. ಎರಡು ಮೂರು ದೈತ್ಯರನ್ನು ಕಂಡವರಿಗೆ ಆ ವ್ಯತ್ಯಾಸವೇ ರಸ.

ಬಾಗಿಲು ಯಾರಿಗೆ ತೆರೆದಿತ್ತು?

ಮುಗ್ಧವಾಗಿ ಮಾತ್ರ ನೋಡಿದರೆ ಅರ್ಧ ನೋಡಿದಂತೆ. ಅರಿಜೋನಾದ ಹಾಲ್‌ಬ್ರೂಕ್‌ನಲ್ಲಿ 1950ರಲ್ಲಿ ಕಟ್ಟಿದ ವಿಗ್ವಾಮ್ ಮೋಟೆಲಿನ ಕೋಣೆಗಳು ಶಂಕುವಿನಾಕಾರದ 15 ಡೇರೆಗಳು. ನೋಡಲು ಚೆಂದ. ಆದರೆ ಅಂಥ ಡೇರೆ ದೂರದ ಬಯಲುಸೀಮೆಯ ಮೂಲನಿವಾಸಿಗಳದು, ನೆರೆಯಲ್ಲೇ ಇರುವ ನವಾಹೊ, ಹೋಪಿ ಜನರದಲ್ಲ. ದಾರಿಹೋಕರಿಗೆ ‘ಇಂಡಿಯನ್’ ಎಂದರೆ ಸಿನಿಮಾದ ಡೇರೆ ಸಾಕಾಗಿತ್ತು. ಈ ದಾರಿಯ ಎಷ್ಟೋ ಹೋಟೆಲುಗಳು ಕಪ್ಪುಜನರನ್ನು ಒಳಗೆ ಬಿಡುತ್ತಿರಲಿಲ್ಲ. ಎಲ್ಲಿ ತಂಗಬಹುದು ಎಂದು ತಿಳಿಸಲು ವಿಕ್ಟರ್ ಗ್ರೀನ್ 1936ರಿಂದ ಗ್ರೀನ್ ಬುಕ್ ಪ್ರಕಟಿಸಬೇಕಾಯಿತು. ಒಕ್ಲಹೋಮಾದ ಲೂಥರ್ ಬಳಿ ಕಪ್ಪು ಕುಟುಂಬವೊಂದು ನಡೆಸುತ್ತಿದ್ದ ಥ್ರೆಟ್ ಪೆಟ್ರೋಲ್ ಬಂಕಿನ ಕಲ್ಲಿನ ಕಟ್ಟಡವನ್ನು ಇದಕ್ಕಾಗಿಯೇ ನೋಡಬೇಕು. ಮುಂದೆ ಸೊರಗಿದ ಮೋಟೆಲುಗಳನ್ನು ಕೊಂಡು ನಡೆಸಿದವರಲ್ಲಿ ಗುಜರಾತಿಗಳು ಅನೇಕರು. ಅವರನ್ನು ಸಹಿಸದ ಕೆಲವು ಪೈಪೋಟಿದಾರರು ‘ಅಮೆರಿಕನ್ ಒಡೆತನ’ ಎಂಬ ಫಲಕ ಹಾಕಿದ್ದೂ ಇದೇ ದಾರಿಯ ಚರಿತ್ರೆ.

ಉಳಿಸಿದ್ದನ್ನು ತೂಗಿ ನೋಡಿ

ಅರಿಜೋನಾದ ಸೆಲಿಗ್ಮನ್ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೋ 1987ರಲ್ಲಿ ಜನರನ್ನು ಕೂಡಿಸಿ, ಹಳೆಯ ರಸ್ತೆಗೆ ‘ಐತಿಹಾಸಿಕ’ ಎಂಬ ಮಾನ್ಯತೆ ತಂದುಕೊಟ್ಟರು. 1999ರಲ್ಲಿ ಕೇಂದ್ರ ಸರ್ಕಾರವೂ ಕಾನೂನು ಮಾಡಿ ಜೀರ್ಣೋದ್ಧಾರಕ್ಕೆ ಅನುದಾನ ಕೊಟ್ಟಿತು. ಫಲ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ಸೇಂಟ್ ಲೂಯಿಸ್ ಬಳಿಯ ಕೋರಲ್ ಕೋರ್ಟ್ ಮೋಟೆಲನ್ನು 1995ರಲ್ಲಿ ಕೆಡವಿದರು; ಅದರ ಒಂದು ತುಂಡು ಈಗ ವಸ್ತುಸಂಗ್ರಹಾಲಯದಲ್ಲಿದೆ. ಅದು ಉಳಿದದ್ದಲ್ಲ, ನೆನಪಿಗೆಂದು ಇಟ್ಟದ್ದು. ಜೆಮಿನಿ ಜೈಂಟ್ 2024ರಲ್ಲಿ ಹರಾಜಿಗೆ ಬಂದಾಗ ಜೋಲಿಯೆಟ್ ವಸ್ತುಸಂಗ್ರಹಾಲಯ 2,75,000 ಡಾಲರಿಗೆ ಕೊಂಡು, ವಿಲ್ಮಿಂಗ್ಟನ್ನಿನದೇ ಉದ್ಯಾನದಲ್ಲಿ ನಿಲ್ಲಿಸಿತು. ಇದು ಮೇಲು. ಟೆಕ್ಸಸ್‌ನ ಕ್ಯಾಡಿಲಾಕ್ ರ‍್ಯಾಂಚ್ ಕತೆಯೇ ಬೇರೆ. 1974ರಲ್ಲಿ ಕಲಾವಿದರ ಗುಂಪೊಂದು ನೆಟ್ಟ ಕಾರುಗಳನ್ನು 1997ರಲ್ಲಿ ಸ್ಥಳಾಂತರಿಸಿದರು, ಬಂದವರೆಲ್ಲ ದಿನವೂ ಬಣ್ಣ ಎರಚುತ್ತಾರೆ. ಅಲ್ಲಿ ಬಣ್ಣ ಕೆರೆದು ಮೊದಲಿನಂತೆ ಮಾಡಿದರೆ ಕೃತಿಯೇ ಸತ್ತಂತೆ.

ನನ್ನ ಅಳತೆಗೋಲು ಇಷ್ಟೇ: ತನ್ನ ಊರಿನಲ್ಲಿ, ತನ್ನ ರಸ್ತೆಗೆ ಮುಖ ಮಾಡಿ, ಇಂದಿಗೂ ಬಳಕೆಯಲ್ಲಿದ್ದರೆ ಅದು ಉಳಿದಿದೆ, ಹೊಳಪಿನ ಮಾತು ಆಮೇಲೆ. ಹಾಲ್‌ಬ್ರೂಕ್‌ನ ಮೋಟೆಲು 1974ರಲ್ಲಿ ಮುಚ್ಚಿತ್ತು. ಕಟ್ಟಿದವರ ಮಕ್ಕಳು ದುರಸ್ತಿ ಮಾಡಿ 1988ರಲ್ಲಿ ಮತ್ತೆ ತೆರೆದರು. ಅಲ್ಲಿ ಇಂದೂ ರಾತ್ರಿ ತಂಗಬಹುದು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಗ್ರ್ಯಾಂಡ್ ಕ್ಯಾನಿಯನ್ ನೋಡುವ ಕನ್ನಡಿಗರು ಕಡಿಮೆಯೇನಿಲ್ಲ. ಸೆಲಿಗ್ಮನ್ ಅಲ್ಲಿಂದ ದೂರವಿಲ್ಲ. ಇಂಟರ್‌ಸ್ಟೇಟಿನಿಂದ ಇಳಿಯಿರಿ, ಹಳೆಯ ಅಂಗಡಿಯಲ್ಲಿ ಒಂದು ಕಾಫಿ ಕುಡಿಯಿರಿ, ಸಾಧ್ಯವಾದರೆ ಒಂದು ರಾತ್ರಿ ಹಳೆಯ ಮೋಟೆಲಿನಲ್ಲಿ ತಂಗಿ. ಕಾರು ನಿಲ್ಲಿಸುವವರು ಇರುವವರೆಗೆ ಮಾತ್ರ ಈ ಕಲೆ ಉಳಿಯುತ್ತದೆ.