ಲೂಸಿಲ್ ಬಾಲ್: ಸೋಲನ್ನು ಕಲೆಯಾಗಿಸಿದ ನಟಿ

ಭರತಮುನಿಯು ಹಾಸ್ಯವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿದ್ದರೂ, ನಗಿಸುವ ನಟರನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸುವ ವಾಡಿಕೆ ಎಲ್ಲೆಡೆಯೂ ಉಂಟು. ಅಳಿಸುವುದು ಕಲೆ, ನಗಿಸುವುದು ಹುಟ್ಟುಗುಣ ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಕಾರಣ. ಅಮೆರಿಕದ ದೂರದರ್ಶನ ನಟಿ ಲೂಸಿಲ್ ಬಾಲ್ (1911–1989) ಅವರ ಜೀವನವನ್ನು ಪರಿಶೀಲಿಸಿದವರಿಗೆ ನಗಿಸುವುದು ಎಂತಹ ಶ್ರಮದ ವಿದ್ಯೆಯೆಂಬುದು ಮನವರಿಕೆಯಾಗದಿರದು.

ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನಿನಲ್ಲಿ ಹುಟ್ಟಿದ ಈಕೆ ನಾಲ್ಕು ವರ್ಷ ತುಂಬುವ ಮೊದಲೇ ತಂದೆಯನ್ನು ವಿಷಮಶೀತಜ್ವರಕ್ಕೆ ಕಳೆದುಕೊಂಡರು. ಹದಿಹರೆಯದಲ್ಲಿ ನ್ಯೂಯಾರ್ಕ್ ನಗರದ ನಾಟಕಶಾಲೆಯೊಂದನ್ನು ಸೇರಿದರು. ಮುಂದೆ ಮಹಾನಟಿಯೆನಿಸಿದ ಬೆಟಿ ಡೇವಿಸ್ ಅದೇ ಶಾಲೆಯ ವಿದ್ಯಾರ್ಥಿನಿ. ಲೂಸಿಲ್ ಮಾತ್ರ ಬಾಯಿಬಿಡಲು ಅಂಜುವ ಹುಡುಗಿ. ಇವಳಿಂದ ನಟನೆ ಆಗದೆಂದು ಶಿಕ್ಷಕರು ತೀರ್ಮಾನಿಸಿದರು. ಹುಡುಗಿ ಊರಿಗೆ ಮರಳಿದಳು. 1933ರಲ್ಲಿ ಹಾಲಿವುಡ್ ಸೇರಿ, ಬಹುಕಾಲ ಸಣ್ಣಪುಟ್ಟ ಪಾತ್ರಗಳಲ್ಲಿಯೇ ಸವೆದ ಈ ನಟಿಗೆ ನಿಜವಾದ ಕೀರ್ತಿ ಒಲಿದದ್ದು ನಲವತ್ತನೆಯ ವಯಸ್ಸಿನಲ್ಲಿ. 1951ರ ಅಕ್ಟೋಬರ್ 15ರಂದು ಪ್ರಾರಂಭವಾದ 'ಐ ಲವ್ ಲೂಸಿ' 1957ರವರೆಗೆ ನಡೆಯಿತು.

ಅದರ ಕಥಾವಸ್ತು ಸರಳ. ಗೃಹಿಣಿ ಲೂಸಿಗೆ ರಂಗವೇರುವ ಹಂಬಲ. ವಾದ್ಯಗೋಷ್ಠಿಯ ನಾಯಕನಾದ ಗಂಡ ರಿಕಿ ಒಪ್ಪುವುದಿಲ್ಲ. ಆಕೆ ಉಪಾಯ ಹೂಡುತ್ತಾಳೆ, ಸೋಲುತ್ತಾಳೆ. 1952ರ ಒಂದು ಕಂತಿನಲ್ಲಿ ಚಾಕೊಲೇಟ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಲೂಸಿ ಮತ್ತು ಆಕೆಯ ಗೆಳತಿ, ಸಾಗುಪಟ್ಟಿಯ ವೇಗಕ್ಕೆ ಸರಿಗಟ್ಟಲಾರದೆ ಮಿಠಾಯಿಗಳನ್ನು ಬಾಯಿಗೂ ಟೋಪಿಗೂ ತುರುಕಿಕೊಳ್ಳುತ್ತಾರೆ. ಮೇಲ್ನೋಟಕ್ಕೆ ಇದು ಭರತನು ಕೆಳದರ್ಜೆಗಿಳಿಸಿದ ಅತಿಹಸಿತವೆಂದು ತೋರಬಹುದು. ಆದರೆ ಅಭಿನಯವನ್ನು ಸೂಕ್ಷ್ಮವಾಗಿ ನೋಡಬೇಕು. ಆರಂಭದ ಆತ್ಮವಿಶ್ವಾಸ, ಅನಂತರದ ಅನುಮಾನ, ಕೊನೆಯ ಗಾಬರಿ ಒಂದೊಂದೂ ಕ್ರಮವರಿತು ಮುಖದ ಮೇಲೆ ಮೂಡುತ್ತವೆ. ನಾವು ನಗುವುದು ಬಿದ್ದವಳನ್ನು ಕಂಡಲ್ಲ. ಬೀಳುವೆನೆಂದು ಒಪ್ಪದವಳ ಛಲವನ್ನು ಕಂಡು.

ಇದರ ಹಿಂದೆ ಕಟ್ಟುನಿಟ್ಟಾದ ಅಭ್ಯಾಸವಿತ್ತು. ಎದುರಿಗೆ ಪ್ರೇಕ್ಷಕರನ್ನು ಕೂರಿಸಿ, ಮೂರು ಚಲನಚಿತ್ರ ಕ್ಯಾಮೆರಾಗಳಿಂದ ಒಮ್ಮೆಲೇ ಚಿತ್ರೀಕರಿಸುವ ಪದ್ಧತಿಯನ್ನು ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಅವರ ನೆರವಿನಿಂದ ಅಲ್ಲಿ ರೂಢಿಸಲಾಯಿತು. ನಟಿ ಗರ್ಭಿಣಿಯಾದಾಗ ಕಥೆಯ ಲೂಸಿಯೂ ಗರ್ಭಿಣಿಯಾದಳು. ಆದರೆ 'ಗರ್ಭಿಣಿ' ಎಂಬರ್ಥದ ಇಂಗ್ಲಿಷ್ ಪದವನ್ನು ಉಚ್ಚರಿಸಲು ಅಂದು ಅನುಮತಿಯಿರಲಿಲ್ಲ! 1953ರ ಜನವರಿ 19ರಂದು ಕಥೆಯ ಶಿಶು ಜನಿಸಿದ ಕಂತನ್ನು ಸುಮಾರು 4.4 ಕೋಟಿ ಜನರು ವೀಕ್ಷಿಸಿದರು. ಅದೇ ದಿನ ನಟಿಗೂ ಗಂಡುಮಗುವಾಯಿತು.

ಈ ಕೃತಿಯಲ್ಲಿ ದೋಷವಿಲ್ಲವೆನ್ನಲಾಗದು. ಎಷ್ಟೇ ಹೆಣಗಿದರೂ ಲೂಸಿ ಕೊನೆಗೆ ಗಂಡನ ಕ್ಷಮೆಯ ನೆರಳಿಗೆ ಮರಳಬೇಕು. ಗಂಡನು ಹೆಂಡತಿಯನ್ನು ಮಗುವಿನಂತೆ ದಂಡಿಸುವ ದೃಶ್ಯಗಳೂ ಉಂಟು. ಅಲ್ಲಿ ಇಂದಿನ ವೀಕ್ಷಕನ ನಗು ಉಡುಗುತ್ತದೆ. ಪಾತ್ರವು ದಾಟದ ಹೊಸ್ತಿಲನ್ನು ನಟಿ ಮಾತ್ರ ದಾಟಿದರು. ರಿಕಿಯ ಪಾತ್ರ ವಹಿಸಿದ್ದ ಡೆಸಿ ಆರ್ನಾಜ್ ನಿಜಜೀವನದಲ್ಲಿಯೂ ಆಕೆಯ ಪತಿ. 'ಡೆಸಿಲು' ಸಂಸ್ಥೆ ಇಬ್ಬರದೂ. 1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ಆತನ ಪಾಲನ್ನು ಕೊಂಡು ಆಕೆ ಸಂಸ್ಥೆಯ ಅಧ್ಯಕ್ಷೆಯಾದರು. 1966ರಲ್ಲಿ ಪ್ರಸಾರಗೊಂಡ 'ಸ್ಟಾರ್ ಟ್ರೆಕ್' ಆ ಸಂಸ್ಥೆಯ ನಿರ್ಮಾಣವೇ.

ಉಪಾಧ್ಯಾಯ ಬಂಧುಗಳು ಗಮನಿಸಬೇಕಾದ ಅಂಶ ಇಲ್ಲಿದೆ. ನಾಟಕಶಾಲೆಯ ಶಿಕ್ಷಕರು ಸುಳ್ಳಾಡಲಿಲ್ಲ. ಆ ಹುಡುಗಿ ಅಂದು ನಿಜವಾಗಿಯೂ ಮಾತನಾಡುತ್ತಿರಲಿಲ್ಲ. ಕಂಡದ್ದನ್ನು ಹೇಳಿದರು, ಕಾಯಲಿಲ್ಲ, ಅಷ್ಟೇ ತಪ್ಪು. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ, ತರಗತಿಯಲ್ಲಿ ಮತ್ತೊಂದು ನುಡಿ ಎದುರಿಸುವ ನಮ್ಮ ಗಡಿನಾಡಿನ ಮಕ್ಕಳಲ್ಲಿ ಎಷ್ಟೋ ಮಂದಿ ಹೀಗೆಯೇ ಬಾಯಿ ಕಟ್ಟಿ ಕುಳಿತಿರುತ್ತಾರೆ. ಅಂಥವರ ಪ್ರಗತಿಪತ್ರದಲ್ಲಿ 'ಮಂದ' ಎಂದು ನಾನೂ ಬರೆದದ್ದುಂಟು. ಇತ್ತೀಚೆಗೆ ಆ ಪದ ಬರೆಯಲು ಕೈ ಹಿಂಜರಿಯುತ್ತದೆ.