ಏಳು ದಿನಕ್ಕೆ ಮನೆ

ಸಿಂಗಪುರದಲ್ಲಿ ಹೋಟೆಲಿಗೂ ಮನೆಗೂ ನಡುವಿನ ಗೆರೆಯನ್ನು ದಿನದ ಲೆಕ್ಕದಲ್ಲಿ ಎಳೆದಿದ್ದಾರೆ. ಹೋಟೆಲಿನಲ್ಲಿ ಒಂದು ರಾತ್ರಿ ಇದ್ದು ಹೋಗಬಹುದು. ಸರ್ವಿಸ್ಡ್ ಅಪಾರ್ಟ್‌ಮೆಂಟ್ ಅಂತ ಅನುಮತಿ ಪಡೆದ ಕಡೆ ಕನಿಷ್ಠ 7 ದಿನ ಇರಬೇಕು. ಖಾಸಗಿ ಮನೆ ಬಾಡಿಗೆಗೆ ಬೇಕಂದ್ರೆ ಕನಿಷ್ಠ 3 ತಿಂಗಳು. 2017ರ ಮಧ್ಯದವರೆಗೆ ಅದು 6 ತಿಂಗಳಿತ್ತು. ನನ್ನಂಥ ಇಂಜಿನಿಯರಿಗೆ ಇಂಥ ನಿಯಮ ಅಂದ್ರೆ ಖುಷಿ. ಒಂದು ಸಂಖ್ಯೆ, ಒಂದು ಇಫ್ ಕಂಡಿಷನ್, ಮುಗೀತು. ಆದ್ರೆ ದಿನ ಎಣಿಸಿದ ಮಾತ್ರಕ್ಕೆ ಜಾಗ ಮನೆ ಆಗುತ್ತಾ?

ಆಫೀಸ್ ಕೆಲಸದ ಮೇಲೆ ಹೋದಾಗ ಐದು ವಾರ ಅಂಥದ್ದೊಂದರಲ್ಲಿದ್ದೆ. ದೊಡ್ಡ ಹೋಟೆಲಿಗೆ ಅಂಟಿಕೊಂಡ ಸೂಟ್‌ಗಳ ಗೋಪುರ, ಹೆಸರು ಬೇಡ. ಈ ವ್ಯಾಪಾರ ಆ ಊರಿಗೆ ಹೊಸದಲ್ಲ. ಆಸ್ಕಾಟ್‌ನವರು 1984ರಲ್ಲೇ ಅಲ್ಲಿ ಶುರು ಮಾಡಿದ್ರು. ಅನುಕೂಲಗಳನ್ನ ಒಪ್ಪಲೇಬೇಕು. ಬಟ್ಟೆ ಒಗೆಯೋ ಮಷೀನು, ಪ್ರತ್ಯೇಕ ಮಲಗೋ ಕೋಣೆ, ಮಗುವಿಗೆ ಹಾಲು ಕಾಯಿಸೋಕೆ ಒಲೆ. ಆಸ್ಪತ್ರೆಗಂತ ಬಂದು ವಾರಗಟ್ಟಲೆ ಉಳಿಯೋ ಕುಟುಂಬಗಳಿಗೆ ಒಂಟಿ ಹೋಟೆಲ್ ರೂಮಿಗಿಂತ ಇದು ಎಷ್ಟೋ ವಾಸಿ.

ನನ್ನ ತಕರಾರು ಇರೋದು 'ನಿಮ್ಮದೇ ಮನೆಯಂತೆ' ಅನ್ನೋ ಮಾತಿನ ಮೇಲೆ.

ಅಡುಗೆಮನೆಯನ್ನೇ ನೋಡಿ. ವೈನ್ ಗ್ಲಾಸು ನಾಲ್ಕು, ಬಾಟಲಿ ಬಿರಡೆ ತೆಗೆಯೋ ಸಾಧನ ಒಂದು. ನಾಲ್ಕು ಜನಕ್ಕೆ ಅನ್ನ ಮಾಡೋ ಪಾತ್ರೆ ಇಲ್ಲ. ಒಲೆ ಮೇಲೆ ಚಿಮಣಿ ಇದೆ, ಅದು ಹೊಗೆಯನ್ನ ಹೊರಗೆ ಹಾಕಲ್ಲ. ಫಿಲ್ಟರಿನಲ್ಲಿ ಸೋಸಿ ಅದೇ ಗಾಳಿಯನ್ನ ವಾಪಸ್ ಕೋಣೆಗೇ ಬಿಡುತ್ತೆ. ಕಿಟಕಿ ತೆರೆಯೋಕಾಗಲ್ಲ. ಸಾಸಿವೆ ಸಿಡಿಸಿದ್ರೆ ಇಂಗಿನ ಘಮ ಸೋಫಾದಲ್ಲಿ ಎರಡು ದಿನ ಕೂತಿರುತ್ತೆ. ಅಂದ್ರೆ ನಕ್ಷೆ ಬರೆದೋರ ಕಣ್ಣ ಮುಂದೆ ಇದ್ದದ್ದು ಅಡುಗೆ ಮಾಡೋ ಮನುಷ್ಯ ಅಲ್ಲ, ತಂದದ್ದನ್ನ ಬಿಸಿ ಮಾಡ್ಕೊಳ್ಳೋ ಮನುಷ್ಯ.

ಕೊನೆಯ ಎರಡು ವಾರ ಅಮ್ಮ ಬಂದಿದ್ರು. ಊರಲ್ಲಿ ಅವರ ದಿನ ಶುರುವಾಗೋದೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡೋದ್ರಿಂದ. ಇಲ್ಲಿ ಬಾಗಿಲು ತೆಗೆದ್ರೆ ಕಾರ್ಪೆಟ್ ಹಾಸಿದ ಓಣಿ. ಸರಿ ಅಂತ ಅವರು ಬೆಳಗ್ಗೆ ಎದ್ದು ಹಾಸಿಗೆಯನ್ನಾದ್ರೂ ನೀಟಾಗಿ ಹಾಸಿಡೋರು. ಹತ್ತು ಗಂಟೆಗೆ ಕ್ಲೀನಿಂಗಿನ ಹೆಂಗಸು ಬಂದು ಅದನ್ನ ಪೂರ್ತಿ ಬಿಚ್ಚಿ, ದಿಂಬುಗಳನ್ನ ಬ್ರೋಷರಿನ ಫೋಟೋದಲ್ಲಿರೋ ಹಾಗೇ ಜೋಡಿಸಿ ಹೋಗೋಳು. ಅವಳ ತಪ್ಪೇನಿಲ್ಲ, ಅವಳಿಗೆ ಹೇಳಿಕೊಟ್ಟಿರೋದೇ ಹಾಗೆ. ಮೂರನೇ ದಿನ ಅಮ್ಮ ಕೇಳಿದ್ರು, "ನಾನ್ ಹಾಸಿದ್ದು ಸರಿ ಇರ್ಲಿಲ್ವೇನೋ?" ನಲವತ್ತು ವರ್ಷ ಒಂದು ಮನೆ ನಡೆಸಿದೋರ ಬಾಯಲ್ಲಿ ಆ ಪ್ರಶ್ನೆ ಕೇಳೋದು ಕಷ್ಟ.

ನಮ್ಮ ಕೆಲಸದಲ್ಲಿ ಸ್ಟೇಟ್‌ಲೆಸ್ ಅನ್ನೋ ಮಾತಿದೆ. ಬಂದ ಕೋರಿಕೆಗೆ ಉತ್ತರ ಕೊಟ್ಟು, ಯಾರು ಬಂದಿದ್ರು ಅನ್ನೋದನ್ನ ಸರ್ವರ್ ಮರೆತುಬಿಡೋದು. ಸೂಟ್ ನಡೆಯೋದೂ ಹಾಗೇ. ನಾವು ಬದುಕಿದ ಗುರುತನ್ನ ದಿನಾ ಅಳಿಸೋದಕ್ಕೇ ಸೇವೆ ಅನ್ನೋದು. ಮನೆ ಇದರ ಉಲ್ಟಾ. ಇಟ್ಟಲ್ಲೇ ಇರೋ ಸಾಸಿವೆ ಡಬ್ಬಿ, ಗೋಡೆಗೆ ಒರಗಿದ ಕಡೆ ಅಂಟಿದ ಎಣ್ಣೆಜಿಡ್ಡು, ಇವೇ ತಾನೇ ಮನೆಯ ನೆನಪು?

ಇದನ್ನ ಸರಿ ಮಾಡೋಕೆ ಕೋಟಿ ಬೇಕಿಲ್ಲ. ಯಾರೂ ಮುಟ್ಟದ ಒಂದು ಶೆಲ್ಫು ಕೊಡಲಿ. ಹಾಸಿಗೆ ಹಾಸಿದ್ರೆ ಹಾಗೇ ಬಿಡಿ ಅಂತ ಕೆಲಸದೋರಿಗೆ ಹೇಳಲಿ. ಇವತ್ತು ಬರಬೇಡಿ ಅಂದೋರಿಗೆ ಬಿಲ್ಲಲ್ಲಿ ಸ್ವಲ್ಪ ಕಡಿಮೆ ಮಾಡಲಿ. ಅಲ್ಲಿವರೆಗೂ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಬುಕ್ ಮಾಡೋ ಮುಂಚೆ ಈಜುಕೊಳದ ಫೋಟೋ ಆಮೇಲೆ ನೋಡಿ. ಒಲೆಯ ಹೊಗೆ ಎಲ್ಲಿಗೆ ಹೋಗುತ್ತೆ, ಕ್ಲೀನಿಂಗ್ ವಾರಕ್ಕೆ ಎಷ್ಟು ದಿನ ಬೇಡ ಅನ್ನಬಹುದು ಅನ್ನೋದನ್ನ ಮೊದಲು ಕೇಳಿ.