ರಂಗಭೂಮಿಯಿಂದ ಕಿರುತೆರೆಗೆ: ಶಂಕರ್‌ನಾಗ್ ಅವರ ನಿರ್ದೇಶನದ ನೆಲೆಗಳು

ಶಂಕರ್‌ನಾಗ್ (1954-1990) ಅವರ ಹೆಸರು ಕನ್ನಡ ನಾಡಿನಲ್ಲಿ ಎರಡು ಬಗೆಯಲ್ಲಿ ಉಳಿದುಬಂದಿದೆ. ಆಟೋರಿಕ್ಷಾಗಳ ಹಿಂಬದಿಯಲ್ಲಿ ಇಂದಿಗೂ ಕಾಣುವ ಭಾವಚಿತ್ರವು ಜನಪ್ರಿಯ ಚಲನಚಿತ್ರ ನಾಯಕನದು. ವಿದ್ಯಾವಂತ ವರ್ಗದ ನೆನಪಿನಲ್ಲಿರುವುದು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ನಿರ್ದೇಶಕ. ಈ ಎರಡು ಚಿತ್ರಗಳ ನಡುವೆ ಮರೆಯಾಗಿರುವ ಮೂರನೆಯ ವ್ಯಕ್ತಿಯೊಬ್ಬನಿದ್ದಾನೆ: ರಂಗ ನಿರ್ದೇಶಕ. ಅವರ ಕಿರುತೆರೆಯ ಸಾಧನೆಯನ್ನು ಈ ಮೂರನೆಯ ವ್ಯಕ್ತಿಯ ಮೂಲಕ ನೋಡದ ಹೊರತು ಅದರ ಗುಣವೂ ಮಿತಿಯೂ ಸ್ಪಷ್ಟವಾಗುವುದಿಲ್ಲ.

ಹೊನ್ನಾವರ ಸೀಮೆಯ ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಜನಿಸಿದ ಶಂಕರ್‌ನಾಗ್ ಅವರ ಕಲಾಜೀವನ ರೂಪುಗೊಂಡದ್ದು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಅವರ ಪಾಲಿತ್ತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ನಟನಾಗಿ ಅವರು ಕನ್ನಡಕ್ಕೆ ಬಂದರು. ಕೊಂಕಣಿಯಲ್ಲಿ ಬೆಳೆದು, ಮರಾಠಿಯಲ್ಲಿ ರಂಗಶಿಕ್ಷಣ ಪಡೆದು, ಕನ್ನಡದಲ್ಲಿ ನೆಲೆನಿಂತು, ಮುಂದೆ ಹಿಂದಿ ಮತ್ತು ಇಂಗ್ಲಿಷ್‌ಗಳಲ್ಲಿ ತಮ್ಮ ಅತ್ಯಂತ ಪ್ರಸಿದ್ಧ ಕೃತಿಯನ್ನು ನಿರ್ಮಿಸಿದ ಈ ಬಹುಭಾಷಿಕ ಹಿನ್ನೆಲೆ ಆಕಸ್ಮಿಕವಲ್ಲ. ಅವರ ನಿರ್ದೇಶನದ ಸ್ವರೂಪವನ್ನು ನಿರ್ಧರಿಸಿದ ಅಂಶಗಳಲ್ಲಿ ಇದೂ ಒಂದು.

ಬೆಂಗಳೂರಿನಲ್ಲಿ ಅವರು ಅರುಂಧತಿ ನಾಗ್ ಮತ್ತು ಗೆಳೆಯರೊಡನೆ ಕಟ್ಟಿದ ‘ಸಂಕೇತ್’ ತಂಡದ ಕೆಲಸವನ್ನು ಅಂದಿನ ರಂಗ ಸಂದರ್ಭದಲ್ಲಿಟ್ಟು ನೋಡಬೇಕು. 1970ರ ದಶಕದ ಕನ್ನಡ ಹವ್ಯಾಸಿ ರಂಗಭೂಮಿಯ ಮೇಲೆ ಬಿ.ವಿ. ಕಾರಂತರ ಪ್ರಭಾವ ದಟ್ಟವಾಗಿತ್ತು. ಸಂಗೀತ, ಮೇಳ, ಜಾನಪದ ಲಯ, ತೆರೆದ ರಂಗಸ್ಥಳ ಇವು ಆ ಪ್ರಯೋಗಗಳ ಜೀವಾಳವಾಗಿದ್ದವು. ‘ಸಂಕೇತ್’ ಹಿಡಿದ ದಾರಿ ಬಹುಮಟ್ಟಿಗೆ ಬೇರೆಯದು. ಕಾರ್ನಾಡರ ‘ಅಂಜುಮಲ್ಲಿಗೆ’, ಜಯವಂತ ದಳವಿಯವರ ಮರಾಠಿ ಮೂಲದ ‘ಬ್ಯಾರಿಸ್ಟರ್’ ಮತ್ತು ‘ಸಂಧ್ಯಾಛಾಯಾ’ ನಾಟಕಗಳು ಮನೆಯೊಳಗಿನ ಇಕ್ಕಟ್ಟುಗಳನ್ನು ಕುರಿತವು. ‘ಸಂಧ್ಯಾಛಾಯಾ’ದ ವೃದ್ಧ ದಂಪತಿಗಳ ಕಾಯುವಿಕೆಯನ್ನು ರಂಗದ ಮೇಲೆ ತರಲು ಮೇಳವಾಗಲಿ ಕುಣಿತವಾಗಲಿ ನೆರವಾಗುವುದಿಲ್ಲ; ಮಾತಿನ ನಡುವಣ ಮೌನ, ಒಂದು ಕುರ್ಚಿ, ಬಾಗಿಲ ಕಡೆಗಿನ ಒಂದು ನೋಟ ಅಲ್ಲಿ ಕೆಲಸ ಮಾಡಬೇಕು. ಇನ್ನೊಂದು ತುದಿಯಲ್ಲಿ ‘ನೋಡಿ ಸ್ವಾಮಿ ನಾವಿರೋದು ಹೀಗೆ’ಯಂತಹ ನಗೆನಾಟಕಗಳಿದ್ದವು. ಗೋಪಾಲ ವಾಜಪೇಯಿ ಅವರ ಗೀತೆಗಳು ಹಾಗೂ ಸಿ. ಅಶ್ವತ್ಥ್ ಅವರ ಸಂಗೀತದೊಡನೆ ಪ್ರಯೋಗಗೊಂಡ ‘ನಾಗಮಂಡಲ’ದಲ್ಲಿ ಅವರು ಕಡೆಗೆ ಜಾನಪದ ಕಥನಕ್ಕೂ ಕೈಯಿಕ್ಕಿದರು. ಆದರೆ ಅಲ್ಲಿಯೂ ಕಥೆಯ ಕೇಂದ್ರವಿರುವುದು ಹೊರಗಿನಿಂದ ಬೀಗ ಹಾಕಿದ ಮನೆಯೊಂದರ ಒಳಗೇ ಎಂಬುದು ಗಮನಾರ್ಹ.

ಈ ಒಳಾಂಗಣ ರಂಗಭೂಮಿಯ ಅಭ್ಯಾಸವೇ ‘ಮಾಲ್ಗುಡಿ ಡೇಸ್’ನ ಬುನಾದಿ. ದೂರದರ್ಶನದಲ್ಲಿ 1984ರಲ್ಲಿ ‘ಹಮ್ ಲೋಗ್’ ಆರಂಭವಾದ ಮೇಲೆ ಧಾರಾವಾಹಿಯೆಂದರೆ ಕಂತಿನಿಂದ ಕಂತಿಗೆ ಹರಿಯುವ ದೀರ್ಘ ಕುಟುಂಬಕಥನವೆಂಬ ಕಲ್ಪನೆ ಬೇರೂರತೊಡಗಿತ್ತು. ಟಿ.ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ 1986ರಿಂದ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಈ ಕಲ್ಪನೆಗೆ ಹೊರತಾದುದು. ಶಂಕರ್‌ನಾಗ್ ನಿರ್ದೇಶಿಸಿದ 39 ಕಂತುಗಳಲ್ಲಿ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಮತ್ತು ‘ದಿ ವೆಂಡರ್ ಆಫ್ ಸ್ವೀಟ್ಸ್’ ಕಾದಂಬರಿಗಳು ಹಲವು ಕಂತುಗಳಿಗೆ ಹಬ್ಬಿದವು. ಸಣ್ಣಕಥೆಗಳಾದರೋ ಬಹುಪಾಲು ಒಂದೊಂದು ಕಂತಿನಲ್ಲಿಯೇ ಮುಗಿದವು. ಅಂದರೆ ಸಣ್ಣಕಥೆಯ ಕಂತು ರಚನೆಯಲ್ಲಿ ಏಕಾಂಕಕ್ಕೆ ಸಮೀಪವಾದುದು: ಕೆಲವೇ ಪಾತ್ರಗಳು, ಒಂದು ಬಿಕ್ಕಟ್ಟು, ಒಂದು ತಿರುವು.

ಪಾತ್ರಹಂಚಿಕೆಯಲ್ಲಿಯೂ ತಂಡದ ರಂಗಭೂಮಿಯ ಕ್ರಮವೇ ಕಾಣುತ್ತದೆ. ಸ್ವಾಮಿಯ ಪಾತ್ರದಲ್ಲಿ ಬಾಲನಟ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಬೇರೆ ಬೇರೆ ಕಂತುಗಳಲ್ಲಿ ಅನಂತನಾಗ್, ಅರುಂಧತಿ ನಾಗ್, ರಮೇಶ್ ಭಟ್ ಮುಂತಾದವರು ಅಭಿನಯಿಸಿದರು. ಊರಿನ ಬದುಕು ನಂಬುವಂತೆ ಕಾಣುವುದಕ್ಕೆ ಮುಖ್ಯ ಪಾತ್ರಗಳಷ್ಟೇ ಅಂಚಿನ ಪಾತ್ರಗಳೂ ಕಾರಣ. ಅಂಗಡಿಯವನು, ಜವಾನ, ದಾರಿಹೋಕ ಇವರ ಪಾತ್ರಗಳಲ್ಲಿಯೂ ರಂಗಭೂಮಿಯಲ್ಲಿ ಪಳಗಿದ ದೇಹಗಳಿವೆ. ಎರಡೇ ಮಾತಿನ ಪಾತ್ರಕ್ಕೂ ಒಂದು ನಡಿಗೆಯಿದೆ.

ರಂಗಸಜ್ಜಿಕೆಯ ಪ್ರಶ್ನೆ ಇದಕ್ಕಿಂತ ಸಂಕೀರ್ಣವಾದುದು. ನಾರಾಯಣರ ಮಾಲ್ಗುಡಿ ಭೂಪಟದಲ್ಲಿಲ್ಲದ ಊರು. ಸರಯೂ ನದಿ, ಮೆಂಪಿ ಬೆಟ್ಟ, ರೈಲುನಿಲ್ದಾಣಗಳಿಂದ ಕೂಡಿದ ಆ ಊರಿನ ಜನರ ಹೆಸರು, ಆಚಾರಗಳಲ್ಲಿ ತಮಿಳು ಛಾಯೆಯಿದೆ. ಶಂಕರ್‌ನಾಗ್ ಅದನ್ನು ಶಿವಮೊಗ್ಗ ಜಿಲ್ಲೆಯ ಆಗುಂಬೆಗೆ ತಂದರು. ಆಗುಂಬೆಗೆ ರೈಲಿಲ್ಲ; ನಿಲ್ದಾಣದ ದೃಶ್ಯಗಳಿಗೆ ಅದೇ ಜಿಲ್ಲೆಯ ಅರಸಾಳು ಬಳಕೆಯಾಯಿತು. ಕಲಾನಿರ್ದೇಶಕ ಜಾನ್ ದೇವರಾಜ್ ಈ ಬಿಡಿ ತಾಣಗಳನ್ನು ಒಂದೇ ಊರಾಗಿ ಹೆಣೆದರು. ಮಲೆನಾಡಿನ ತೊಟ್ಟಿಮನೆಯ ಜಗಲಿ, ಕಂಬ, ಅಂಗಳಗಳು ಕ್ಯಾಮೆರಾಕ್ಕೆ ಸಿದ್ಧ ರಂಗಸ್ಥಳಗಳಾಗಿ ಒದಗಿದವು. ಜಗಲಿಯ ಮೇಲೆ ಕುಳಿತ ಹಿರಿಯರು, ಅಂಗಳದಲ್ಲಿ ನಿಂತವರು, ಒಳಬಾಗಿಲಲ್ಲಿ ಅರ್ಧ ಕಾಣುವ ಹೆಂಗಸರು ಹೀಗೆ ಮನೆಯ ರಚನೆಯೇ ಪಾತ್ರಗಳ ಅಂತಸ್ತನ್ನು ಮಾತಿಲ್ಲದೆ ಹೇಳಿಬಿಡುತ್ತದೆ.

ಆದರೆ ಈ ಸ್ಥಳಾಂತರಕ್ಕೆ ತೆತ್ತ ಬೆಲೆಯೂ ಉಂಟು. ಮಲೆನಾಡಿನ ಹಸಿರು, ಎಲ್. ವೈದ್ಯನಾಥನ್ ಅವರ ಮಾಧುರ್ಯದ ಸಂಗೀತ, ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಕೂಡಿ ಮಾಲ್ಗುಡಿಯನ್ನು ಕಳೆದುಹೋದ ಬಾಲ್ಯದ ತವರೆಂಬಂತೆ ಕಾಣಿಸುತ್ತವೆ. ನಾರಾಯಣರ ವ್ಯಂಗ್ಯದ ಮೊನೆ ಇಲ್ಲಿ ಎಷ್ಟೋ ಕಡೆ ಮೊಂಡಾಗುತ್ತದೆ. ‘ಲೀಲಾಸ್ ಫ್ರೆಂಡ್’ ಕಥೆಯಲ್ಲಿ ಕಳುವಾಯಿತೆಂದುಕೊಂಡ ಸರ ಹುಣಿಸೆಹಣ್ಣಿನ ಪಾತ್ರೆಯಲ್ಲಿ ಸಿಕ್ಕಿದ ಮೇಲೆಯೂ ಯಜಮಾನನ ಮನಸ್ಸಿನಲ್ಲಿ ಆಳು ಸಿದ್ದ ಅಪರಾಧಿಯಾಗಿಯೇ ಉಳಿಯುತ್ತಾನೆ. ಇಂತಹ ಕಥೆಯ ಕಟುತ್ವ ನೋಡುಗರ ನೆನಪಿನಲ್ಲಿ ಉಳಿದಿರುವುದು ಕಡಿಮೆ. ಉಳಿದಿರುವುದು ಸ್ವಾಮಿಯ ತುಂಟತನ. ಈ ಮರೆವಿನಲ್ಲಿ ನೋಡುಗರ ಪಾಲಿರುವಂತೆ ಕೃತಿಯ ಒಟ್ಟು ಭಾವಾವರಣದ ಪಾಲೂ ಇದೆ.

ಇದಕ್ಕಿಂತ ಮುಖ್ಯವಾದುದು ಭಾಷೆಯ ಪ್ರಶ್ನೆ. ಕನ್ನಡ ನೆಲದಲ್ಲಿ, ಕನ್ನಡ ರಂಗಭೂಮಿಯ ಬಲದಿಂದ, ಮೈಸೂರಿನಲ್ಲಿ ಬದುಕಿದ ಲೇಖಕನ ಕಥೆಗಳನ್ನು ಆಧರಿಸಿ ಸಿದ್ಧವಾದ ಈ ಕೃತಿ ಕನ್ನಡದಲ್ಲಿ ರೂಪುಗೊಳ್ಳಲಿಲ್ಲ. ಅದು ಹಿಂದಿ ಮತ್ತು ಇಂಗ್ಲಿಷ್‌ಗಳಲ್ಲಿ ಮಾತನಾಡಿತು. ರಾಷ್ಟ್ರೀಯ ಜಾಲದ ಏಕೈಕ ವಾಹಿನಿಯಿದ್ದ ಕಾಲದಲ್ಲಿ ಇದು ಅನಿವಾರ್ಯವಾಗಿತ್ತೆಂಬ ವಿವರಣೆ ಸರಿಯಾದರೂ ಅಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ಕಥೆಗಳ ಮೂಲವೇ ಇಂಗ್ಲಿಷ್ ಆದ್ದರಿಂದ ಮಾಲ್ಗುಡಿಯ ಜನರ ನಿಜವಾದ ನುಡಿ ಯಾವುದೆಂಬುದು ಪುಸ್ತಕದಲ್ಲಿಯೂ ಮರೆಯಲ್ಲಿಯೇ ಇದೆ. ಆ ಖಾಲಿ ಜಾಗವನ್ನು ಶಂಕರ್‌ನಾಗ್ ಇನ್ನೊಂದು ಭಾಷೆಯಿಂದ ತುಂಬಲು ಹೋಗದೆ ದೇಹಭಾಷೆಯಿಂದ ತುಂಬಿದರು. ಪಂಚೆಯನ್ನು ಎತ್ತಿ ಕಟ್ಟುವ ರೀತಿ, ಹಿರಿಯರೆದುರು ಕೈಕಟ್ಟಿ ನಿಲ್ಲುವ ಬಗೆ, ಜಗಲಿಗೆ ಏರುವ ಮುನ್ನ ಕಾಲು ತಡೆಯುವ ಕ್ಷಣ ಇವು ಹಿಂದಿಯವಲ್ಲ. ಸಂಭಾಷಣೆ ಹಿಂದಿಯದಾಗಿ ಅಭಿನಯ ಕನ್ನಡದ್ದಾಗಿರುವ ಈ ದ್ವಂದ್ವವೇ ಧಾರಾವಾಹಿಯ ವಿಶಿಷ್ಟತೆ. ಮಾತು ಬಾರದ ಕಡೆಯೂ ನಾಟಕ ನಡೆಯಬಲ್ಲದೆಂಬ ರಂಗಭೂಮಿಯ ತಿಳಿವಳಿಕೆ ಇಲ್ಲಿ ಫಲಿಸಿದೆ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಶಂಕರ್‌ನಾಗ್ ನಿಧನರಾದಾಗ ಅವರಿಗೆ 35 ವರ್ಷ. ಖಾಸಗಿ ವಾಹಿನಿಗಳ ಯುಗ ಇನ್ನೂ ಆರಂಭವಾಗಿರಲಿಲ್ಲ. ಕನ್ನಡದಲ್ಲಿ ಕಿರುತೆರೆ ದೊಡ್ಡ ಉದ್ಯಮವಾಗಿ ಬೆಳೆದಾಗ ಅದಕ್ಕೆ ಗಾಂಭೀರ್ಯ ತಂದವರಲ್ಲಿ ‘ಮಾಯಾಮೃಗ’ದ ಟಿ.ಎನ್. ಸೀತಾರಾಂ ಅವರಂತಹ ರಂಗಭೂಮಿಯ ಹಿನ್ನೆಲೆಯವರೇ ಪ್ರಮುಖರು. ಆದರೆ ದೈನಿಕ ಧಾರಾವಾಹಿಯ ಕ್ರಮದಲ್ಲಿ ಒಂದೇ ಕಂತಿನಲ್ಲಿ ಮುಗಿಯುವ ಕಥನಕ್ಕೆ ಎಡೆಯಿರಲಿಲ್ಲ. ಹೀಗಾಗಿ ‘ಮಾಲ್ಗುಡಿ ಡೇಸ್’ ಕನ್ನಡ ಕಿರುತೆರೆಗೆ ಆದರ್ಶವಾಗಿ ಉಳಿಯಿತೇ ಹೊರತು ಪರಂಪರೆಯಾಗಲಿಲ್ಲ.

ಅವರ ನೆನಪಿಗೆ 2004ರಲ್ಲಿ ಬೆಂಗಳೂರಿನಲ್ಲಿ ‘ರಂಗಶಂಕರ’ ತೆರೆಯಿತು. ಅರಸಾಳು ನಿಲ್ದಾಣದಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೂ ಬಂದಿದೆ. ಧಾರಾವಾಹಿಯನ್ನು ಇಂದಿಗೂ ನೋಡಬಹುದು. ಅದಕ್ಕೆ ಹಾದಿ ಮಾಡಿದ ನಾಟಕಗಳನ್ನು ಹಾಗೆ ನೋಡಲಾಗದು. ರಂಗಪ್ರಯೋಗ ಅಂದಿನ ರಾತ್ರಿಯೊಡನೆ ಮುಗಿಯುವ ಕಲೆ. ‘ಸಂಕೇತ್’ ತಂಡದ ರಂಗಪ್ರತಿಗಳು, ಛಾಯಾಚಿತ್ರಗಳು, ಆ ಪ್ರಯೋಗಗಳಲ್ಲಿ ದುಡಿದ ನಟರ ಹಾಗೂ ತಂತ್ರಜ್ಞರ ನೆನಪುಗಳನ್ನು ಕ್ರಮವಾಗಿ ಸಂಗ್ರಹಿಸಿದಲ್ಲಿ ಮಾತ್ರ ಶಂಕರ್‌ನಾಗ್ ಅವರ ನಿರ್ದೇಶನದ ಸಮಗ್ರ ಅಧ್ಯಯನ ಸಾಧ್ಯ. ಅವರೊಡನೆ ದುಡಿದ ಪೀಳಿಗೆಗೆ ವಯಸ್ಸಾಗುತ್ತಿರುವುದರಿಂದ ಈ ಕೆಲಸ ಮುಂದೂಡುವಂಥದಲ್ಲ.